ಪೇಟಿ ಮಾಸ್ತರರ ಜೊತೆ ನಾಲ್ಕು ಊರು

ಕಡಲು ದಾಟದೆ, ಪಾಸ್‌ಪೋರ್ಟ್ ಇಲ್ಲದೆ ನಾನೊಮ್ಮೆ ಪರದೇಶಕ್ಕೆ ಹೋಗಿ ಬಂದಿದ್ದೇನೆ. ನಾನು ಹೋದ ಊರುಗಳವರ ಮುಂದೆ ಹೀಗೆ ಹೇಳಿದರೆ ನಕ್ಕುಬಿಡುತ್ತಾರೆ. ಆದರೆ ಮೈಸೂರಿನ ನಮ್ಮ ಬೀದಿಯವರಿಗೆ ಎಪ್ಪತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಬಾಗಲಕೋಟೆ ಎಂದರೆ ಪರದೇಶವೇ. ನಮ್ಮಮ್ಮ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಎರಡು ಸೇರು ಅಕ್ಕಿ ಕಟ್ಟಿಟ್ಟಿದ್ದಳು. "ಅಲ್ಲಿ ಅನ್ನ ಮಾಡ್ತಾರೋ ಇಲ್ಲವೋ ಯಾರಿಗೆ ಗೊತ್ತು ಲಲಿತಾ" ಎಂದು ಪಕ್ಕದ ಮನೆಯವರೂ ತಲೆಯಾಡಿಸಿದ್ದರು.

ನನಗಾಗ ಮೂವತ್ತೊಂದು ವರ್ಷ. ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದೆ. ವರ್ಷಕ್ಕೊಮ್ಮೆ ನಡೆಯುವ ಸರ್ಕಾರಿ ಸಂಗೀತ ಪರೀಕ್ಷೆಗೆ ನನ್ನನ್ನು ಪರೀಕ್ಷಕಿಯಾಗಿ ಹಾಕಿ ಆದೇಶ ಬಂತು: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು. ನಾನು ಕಲಿತದ್ದು ಕರ್ನಾಟಕ ಸಂಗೀತ. ಅಲ್ಲಿನವರು ಹಾಡುವುದು ಹಿಂದೂಸ್ತಾನಿ. ರಾಜ್ಯದ ಹೆಸರು ಕರ್ನಾಟಕವಾದ ಮೇಲೆ ಎಲ್ಲ ಊರಿನ ಸಂಗೀತವೂ ಅದೇ ಆಗಿರಬೇಕೆಂದು ಯಾರೋ ಗುಮಾಸ್ತರು ಅಂದುಕೊಂಡಿರಬೇಕು. ತಂತಿ ಕೊಟ್ಟು ಕೇಳಿದೆ. "ಆದೇಶದಂತೆ ನಡೆಯಿರಿ" ಎಂದು ಉತ್ತರ ಬಂತು. ನಡೆದೆ.

ಬಾಗಲಕೋಟೆ

ಅರಸೀಕೆರೆ, ಹುಬ್ಬಳ್ಳಿ, ಗದಗು ಎಂದು ರೈಲು ಬದಲಿಸುತ್ತಾ ಬಂದು, ಎರಡನೆಯ ದಿನ ಬೆಳಿಗ್ಗೆ ಇಳಿದಾಗ ತಲೆಯ ತುಂಬ ಇಂಜಿನ್ನಿನ ಕರಿ. ಅಲ್ಲಿನ ಶಾಲೆಯವರು ಬರೆದ ಪತ್ರದಲ್ಲಿ "ಪೇಟಿ ಮಾಸ್ತರರು ತಮ್ಮನ್ನು ಸ್ಟೇಶನ್ನಿನಲ್ಲಿ ಕಾಣುವರು" ಎಂದಿತ್ತು. ಪೇಟೆಯ ಶಾಲೆಯ ಮೇಷ್ಟ್ರು ಇರಬೇಕು ಎಂದುಕೊಂಡಿದ್ದೆ. ಬಿಳಿ ಧೋತರ, ಕರಿ ಟೊಪ್ಪಿಗೆಯ, ಅರವತ್ತರ ಆಸುಪಾಸಿನ ಒಬ್ಬರು ನನ್ನ ಟ್ರಂಕನ್ನೂ ನನ್ನ ಮುಖವನ್ನೂ ನೋಡಿ ಹತ್ತಿರ ಬಂದು, "ಬಾಯಾರ್ರೀ?" ಎಂದರು.

"ಹೌದು, ತುಂಬಾ. ಇಲ್ಲಿ ಕುಡಿಯೋ ನೀರು ಎಲ್ಲಿ ಸಿಗುತ್ತೆ?" ಎಂದೆ.

ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಹೋಗಿ ಒಂದು ತಂಬಿಗೆ ತಣ್ಣನೆಯ ನೀರು ತಂದುಕೊಟ್ಟರು. ಆ ಕಡೆ ಪಾಠ ಹೇಳುವ ಹೆಂಗಸರನ್ನು "ಬಾಯಾರು" ಎಂದು ಕರೆಯುತ್ತಾರೆಂದು ನನಗೆ ತಿಳಿದದ್ದು ಮಧ್ಯಾಹ್ನದ ಮೇಲೆ. ಅಷ್ಟರಲ್ಲಿ ನಾಲ್ಕು ಮಂದಿಯಿಂದ ನೀರು ತರಿಸಿ ಕುಡಿದಾಗಿತ್ತು. ಪೇಟಿ ಎಂದರೆ ಹಾರ್ಮೋನಿಯಂ ಎಂಬುದೂ ಆಗಲೇ ತಿಳಿದದ್ದು. ಅದು ಅವರ ಬಗಲಲ್ಲಿ ಹಸಿರು ಬಟ್ಟೆಯ ಗಂಟಿನಲ್ಲಿ ತೂಗುತ್ತಿತ್ತು. ಅವರ ಹೆಸರು ಸಂಗಪ್ಪ ಮಾಸ್ತರ. ನಾಲ್ಕೂ ಊರುಗಳಲ್ಲಿ ಪರೀಕ್ಷೆಗೆ ಕೂರುವವರ ಜೊತೆ ಪೇಟಿ ನುಡಿಸಲು ನೇಮಕವಾದವರು. ಮೊದಲು ನಾಟಕ ಕಂಪನಿಗಳಲ್ಲಿ ನುಡಿಸುತ್ತಿದ್ದರಂತೆ.

ಆ ವಾದ್ಯದ ಮೇಲೆ ನನಗೆ ಗೌರವವಿರಲಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಸ್ವರವನ್ನು ತೂಗಾಡಿಸುವ ಗಮಕ ಹಿಡಿಯಲಾರದ ಪೆಟ್ಟಿಗೆ ಎಂದೇ ನಮ್ಮ ಗುರುಗಳು ಹೇಳುತ್ತಿದ್ದರು. ತಂಬೂರಿಯ ಶ್ರುತಿ ಕೂಡದೆ ಬಾಯಿ ತೆರೆಯಕೂಡದು ಎಂಬುದೂ ಅವರ ಮಾತೇ. ಹಾಗೆ ತೆರೆದವಳೂ ಅಲ್ಲ ನಾನು.

ಮೊದಲ ಪರೀಕ್ಷೆಯಲ್ಲೇ ಎಡವಿದೆ. ಎರಡು ಜಡೆಯ ಹುಡುಗಿಯೊಬ್ಬಳಿಗೆ "ತೋಡಿ ಹಾಡಮ್ಮಾ" ಎಂದೆ. ಅವಳು ಹಾಡತೊಡಗಿದಳು. ನನ್ನ ಕಿವಿಗೆ ಅದು ಶುಭಪಂತುವರಾಳಿ. ಇಷ್ಟು ಆತ್ಮವಿಶ್ವಾಸದಿಂದ ತಪ್ಪು ರಾಗ ಹಾಡುತ್ತಿದ್ದಾಳಲ್ಲ ಎಂದು ಅಂಕ ಕಳೆಯಲು ಪೆನ್ನಿನ ಮುಚ್ಚಳ ತೆಗೆದೆ. ಮಾಸ್ತರರು ನುಡಿಸುವುದನ್ನು ನಿಲ್ಲಿಸದೆಯೇ ನನ್ನ ಕಡೆ ಬಾಗಿ, "ಬಾಯಾರ, ನಮ್ಮ ತೋಡಿ ಇದರೀ. ನಿಮ್ಮ ತೋಡಿಗೆ ನಾವು ಭೈರವಿ ಅಂತೇವಿ, ನೋಡ್ರಿ" ಎಂದು ಎರಡನ್ನೂ ಒಂದೊಂದು ಸಾಲು ತೋರಿಸಿದರು. ಮುಚ್ಚಳ ಹಾಕಿದೆ. ಹುಡುಗಿ ತುಂಬ ಚೆನ್ನಾಗಿ ಹಾಡಿದ್ದಳು.

"ನಾನು ಈ ಕೆಲಸಕ್ಕೆ ತಕ್ಕವಳಲ್ಲ ಮೇಷ್ಟ್ರೇ" ಎಂದೆ, ಅವಳು ಹೋದ ಮೇಲೆ.

"ಯಾಕ್ರಿ? ಹೆಸರು ಬ್ಯಾರೆ ಆದ್ರ ಆಗ್ಲಿ. ಸಾ ಎಲ್ಲಾ ಕಡೆ ಸಾನ ಅಲ್ರಿ?" ಎಂದರು.

ಉಳಿದುಕೊಳ್ಳಲು ವಿದ್ಯಾಗಿರಿಯಲ್ಲಿ ಒಬ್ಬ ಕಾಲೇಜು ಮೇಡಂ ಮನೆಯಲ್ಲಿ ವ್ಯವಸ್ಥೆಯಾಗಿತ್ತು. ಮರುದಿನ ಬಾದಾಮಿಗೆ ಹೋಗುವ ಗಾಡಿ ತಡ. ಪ್ಲಾಟ್‌ಫಾರ್ಮಿನಲ್ಲಿ ಬದನೆಕಾಯಿ ಬುಟ್ಟಿಗಳು, ಅರಳೆ ತುಂಬಿದ ಅಂಡಿಗೆ ಮೂಟೆಗಳು, ಕೂಸುಗಳು, ಒಬ್ಬ ಪೊಲೀಸ. ನಾನು ಗಡಿಯಾರ ನೋಡುತ್ತಿದ್ದೆ. ತಿರುಗಿ ನೋಡಿದರೆ ಮಾಸ್ತರರು ಒಂದು ಅರಳೆ ಅಂಡಿಗೆಯ ಮೇಲೆ ಪೇಟಿ ಇಟ್ಟು ಗಂಟು ಬಿಚ್ಚುತ್ತಿದ್ದರು. ಯಾರೂ ಕೇಳಿರಲಿಲ್ಲ. ಯಾರಿಗೂ ಹೇಳಲೂ ಇಲ್ಲ. ನಿಂತುಕೊಂಡೇ ಎಡಗೈಯಿಂದ ಗಾಳಿ ತುಂಬುತ್ತಾ ನುಡಿಸತೊಡಗಿದರು.

ನಾನು ಮಾಡಿದ್ದೇನು ಗೊತ್ತೇ? ಅವರ ಜೊತೆಯವಳಲ್ಲ ಎಂಬಂತೆ ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗಿ, ಗೋಡೆಗೆ ಅಂಟಿಸಿದ ರೈಲಿನ ವೇಳಾಪಟ್ಟಿ ಓದುತ್ತಾ ನಿಂತೆ. ಅಲ್ಲಿಂದಲೂ ಕೇಳಿಸುತ್ತಿತ್ತು. ಬುಟ್ಟಿಯವಳೊಬ್ಬಳು ತನ್ನ ಬುಟ್ಟಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು. ಪೊಲೀಸ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟ. ಸ್ಟೇಶನ್ ಮಾಸ್ತರರು ಹೊರಬಂದಾಗ, ಈಗ ಬೈಯುತ್ತಾರೆ ಎಂದುಕೊಂಡೆ. ಅವರು, "ಸಂಗಪ್ಪ ಮಾಸ್ತರ, ಗಾಡಿ ಇನ್ನೊಂದು ತಾಸಿಗೆ ಬರತೈತಿ. ಎರಡು ತಾಸಿಂದು ಹಚ್ಚಬ್ಯಾಡ್ರಿ ಮತ್ತ!" ಎಂದು ನಕ್ಕು ಒಳಹೋದರು.

ರೈಲಿನಲ್ಲಿ ಕೇಳಿದೆ: "ಹೀಗೆ ಎಲ್ಲಿ ಬೇಕಾದರೂ ನುಡಿಸ್ತೀರಾ?"

"ಮೊದ್ಲು ನಾವು ತಂಬೂ ಹೊಡದು ಕುಂದರತಿದ್ವಿ, ಮಂದಿ ಬರತಿದ್ರು. ಈಗ ಕಂಪನಿ ಮುಚ್ಚೇತಿ. ಮಂದೀಗೆ ಕೆಲಸಾ ಭಾಳ. ಅವರು ಇದ್ದಲ್ಲೇ ನಾ ಹೋಗ್ತೇನಿ. ಅಷ್ಟ." ಕಿಟಕಿಯ ಹೊರಗೆ ಕರಿ ಮಣ್ಣಿನ ಹೊಲಗಳು ಓಡುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು: "ಟೈಮ್ ಟೇಬಲ್ ಪೂರಾ ಓದಿದ್ರ್ಯಾ ಬಾಯಾರ?"

ನನ್ನ ಕಿವಿ ಬಿಸಿಯಾಯಿತು. ಅವರ ಮುಖದಲ್ಲಿ ಮಾತ್ರ ಕೊಂಕೇನೂ ಇರಲಿಲ್ಲ.

ಆ ಹಳೆಯ ಬಾಗಲಕೋಟೆಯ ಎಷ್ಟೋ ಬೀದಿಗಳು ಅಣೆಕಟ್ಟಿನ ಹಿನ್ನೀರಿನಲ್ಲಿ ಹೋದವೆಂದು ಮುಂದೆ ಪತ್ರಿಕೆಯಲ್ಲಿ ಓದಿದೆ. ನನಗೆ ಆ ಊರೆಂದರೆ ಇಂದಿಗೂ ಅರಳೆ ಅಂಡಿಗೆಯ ಮೇಲಿನ ಆ ಪೇಟಿಯೇ.

ಬಾದಾಮಿ

ಬಾದಾಮಿ ಸ್ಟೇಶನ್ನಿನಿಂದ ಊರಿಗೆ ಟಾಂಗಾ. ಕೆಂಪು ಬಂಡೆಗಳು ಹತ್ತಿರ ಬಂದಂತೆ ಬಿಸಿಲೂ ಕೆಂಪಗೆ ಕಾಣುತ್ತದೆ. ಗುಹೆಗಳನ್ನು ನೋಡದೆ ಬಂದವಳು ಬಹುಶಃ ನಾನೊಬ್ಬಳೇ. ಪರೀಕ್ಷೆಗೆ ಬರಬೇಕಾದ ಇಬ್ಬರಲ್ಲಿ ಒಬ್ಬಳಿಗೆ ಜ್ವರ ಬಂದು ಕೆಲಸ ಬೇಗ ಮುಗಿಯಿತು. "ಮ್ಯಾಲೆ ಹತ್ತೂಣೇನ್ರಿ?" ಎಂದು ಮಾಸ್ತರರು ಕೇಳಿದರು. ಮೆಟ್ಟಿಲು ನೋಡಿ ಹೆದರಿ, ಕೆರೆಯ ಕಡೆ ಹೋಗೋಣ ಎಂದೆ.

ಬಂಡೆಗಳ ನಡುವಿನ ಆ ಕೆರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಇಪ್ಪತ್ತು ಮೂವತ್ತು ಮಂದಿ. ಒಬ್ಬೊಬ್ಬರ ಏಟೂ ಎದುರಿನ ಬಂಡೆಗೆ ಬಡಿದು ಎರಡು ಏಟಾಗಿ ಮರಳುತ್ತಿತ್ತು. ಮಾಸ್ತರರು ನೀರಿಗೆ ಮೂರು ಮೆಟ್ಟಿಲು ಮೇಲೆ ಕುಳಿತು ಗಂಟು ಬಿಚ್ಚಿದರು. ಈ ಸಲ ಓಡಿಹೋಗಲು ವೇಳಾಪಟ್ಟಿ ಇರಲಿಲ್ಲ. ಐದು ಮೆಟ್ಟಿಲು ಮೇಲೆ, ಸೆರಗು ಹೊದ್ದು ಕುಳಿತೆ.

ಮೊದಲು ಯಾರೂ ತಲೆ ಎತ್ತಲಿಲ್ಲ. ಬಟ್ಟೆಯ ಸದ್ದು ಹೇಗೆ ಬೇಕೋ ಹಾಗೆ ಬೀಳುತ್ತಿತ್ತು. ಅವರು ಅದರ ನಡುವೆ ದಾರಿ ಹುಡುಕುವವರಂತೆ ಒಂದೇ ಸಾಲನ್ನು ತಿರುತಿರುಗಿ ನುಡಿಸುತ್ತಿದ್ದರು. ಹತ್ತಿರದ ಮೂವರ ಏಟು ಒಂದಾಯಿತು. ಆಮೇಲೆ ಆರು ಮಂದಿಯದು. ತಾಳ ಹಾಕಿ ಎಂದು ಯಾರೂ ಹೇಳಿರಲಿಲ್ಲ. ನಡುವಯಸ್ಸಿನ ಒಬ್ಬಾಕೆ ಸೀರೆ ಹಿಂಡುತ್ತಾ ಬೀಸುವ ಪದವೊಂದನ್ನು ಎತ್ತಿದಳು. ಉಳಿದವರು ಕೊನೆಯ ಸಾಲಿಗೆ ಸೇರಿಕೊಂಡರು. ನನ್ನ ಬೆರಳು ತೊಡೆಯ ಮೇಲೆ ಲೆಕ್ಕ ಹಿಡಿದಿತ್ತು. ತಪ್ಪು ಸಿಗಲೆಂದು ಕಾದೆ. ಸಿಗಲಿಲ್ಲ.

ಹಾಡು ಮುಗಿದ ಮೇಲೆ ಆ ಹೆಂಗಸು ಕೇಳಿದಳು: "ಮಾಸ್ತರ, ಮ್ಯಾಲೆ ಕುಂತಾರಲ್ಲ, ಅವರ್‍ಯಾರ್ರಿ?"

"ಮೈಸೂರಿನ ಬಾಯಾರು. ಹಾಡಿನ ಪರೀಕ್ಷಾ ತಗೊಳ್ಳಾಕ ಬಂದಾರ."

"ಹಾಡಿಗೂ ಪರೀಕ್ಷಾ ಐತೇನ್ರಿ? ನಾಪಾಸಾದ್ರ ಹಾಡಬಾರದೇನು?"

ಕೆರೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಊಟಕ್ಕೆ ಒಂದು ಖಾನಾವಳಿ. ತೆಳ್ಳಗಿನ ಜೋಳದ ರೊಟ್ಟಿ ಬಂತು. ಅನ್ನ ಬರಲೆಂದು ಕಾಯುತ್ತಾ ಒಂದು ಚೂರು ಮುರಿದೆ. ಇನ್ನೊಂದು ರೊಟ್ಟಿ ಬಂತು. "ಸ್ವಲ್ಪ ಈರುಳ್ಳಿ ಕೊಡಿ" ಎಂದರೆ ಬಡಿಸುವವನು ಒಳಗೆ ಹೋಗಿ ಇನ್ನೊಬ್ಬನನ್ನು ಕರೆತಂದ. ಅವನು ಮಾಸ್ತರರ ಮುಖ ನೋಡಿದ. "ಉಳ್ಳಾಗಡ್ಡಿ ಕೇಳಾಕತ್ತಾರಪಾ" ಎಂದು ಅವರು ತರ್ಜುಮೆ ಮಾಡಿದರು. ತಟ್ಟೆಯ ಅಂಚಿನಲ್ಲಿದ್ದ ಕೆಂಪು ಖಾರವನ್ನು ನಮ್ಮ ಕಡೆಯ ಗೊಜ್ಜು ಎಂದುಕೊಂಡು ಧಾರಾಳವಾಗಿ ಹಚ್ಚಿಕೊಂಡು ತಿಂದೆ. ಅದರ ಪರಿಣಾಮ ಮರುದಿನ ಹುನಗುಂದದಲ್ಲಿ.

ಅಲ್ಲಿ ಕುಳಿತಾಗಲೇ ಮಾಸ್ತರರು ನೀಲವ್ವನ ಮಾತು ತೆಗೆದರು. ಇಳಕಲ್ಲಿನ ನೇಕಾರ ಮನೆತನದ ಹೆಂಗಸು. ನಲವತ್ತು ಇನ್ನೂ ತುಂಬಿಲ್ಲ. ಮಗ್ಗದ ಮೇಲೆ ಕೂತೇ ಹಾಡು ಕಲಿತವಳು. ವಾರಕ್ಕೊಮ್ಮೆ ಇವರೇ ಹೋಗಿ ಹೇಳಿಕೊಟ್ಟಿದ್ದರಂತೆ. ಎರಡು ಸಲ ಪರೀಕ್ಷೆಗೆ ಕೂತಿದ್ದಾಳೆ. ಎರಡು ಸಲವೂ ಬಾಯಿ ಬಿಡಲಿಲ್ಲ.

"ಯಾಕೆ?"

"ಮೊದಲನೇ ಸಲ ಬಂದ ಪರೀಕ್ಷಕರು, ಕೈ ಕಾಲು ಆಡಸಬ್ಯಾಡ, ಮಡಿಚಿ ಕೂಡು ಅಂದ್ರು. ಮಗ್ಗದಾಗ ಕೈ ಕಾಲು ಆಡಿಸ್ಕೋತ ಕಲ್ತಾಕಿ ಆಕಿ. ಮಡಿಚಿ ಕುಂತ್ರ ದನೀನೂ ಮಡಿಚಿ ಕೂಡತೈತ್ರಿ." ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು. "ಅಲ್ಲೀ ಹೆಣ್ಣುಮಕ್ಕಳ ಸಾಲ್ಯಾಗ ಹಾಡಿನ ಕೆಲಸ ಖಾಲಿ ಐತಿ. ಈ ವರ್ಷ ಪಾಸಾದ್ರ ಆಕೀಗೆ ಕೊಡ್ತಾರ. ಇಲ್ಲಂದ್ರ ಬ್ಯಾರೇದವರು ಬರ್ತಾರ. ಆಕಿ ಕಣ್ಣು ಮಂಜಾಗ್ಯಾವ್ರಿ. ಎಳಿ ಕಾಣವಲ್ಲವು. ಇನ್ನ ಭಾಳ ದಿವಸ ನೇಯೂದು ಆಗೂದಿಲ್ಲ."

"ನನ್ನಿಂದ ಏನಾಗಬೇಕು ಮೇಷ್ಟ್ರೇ? ನನ್ನ ಮುಂದೆ ಹಾಡಿದರೆ ಅಂಕ ಕೊಡ್ತೀನಿ. ಹಾಡದಿದ್ದರೆ ಕೊಡೋಕಾಗಲ್ಲ."

"ಅಂಕ ಕೊಡ್ರಿ ಅಂತ ನಾ ಕೇಳೂದಿಲ್ಲ ಬಾಯಾರ. ಕೇಳ್ರಿ ಅಂತ ಕೇಳ್ತೇನಿ."

ಹುನಗುಂದ

ಹುನಗುಂದದಲ್ಲಿ ಮೂವರ ಪರೀಕ್ಷೆ ಹೇಗೋ ಮುಗಿಸಿದೆ. ಕೊನೆಯವಳು ಸ್ವರಗಳನ್ನು ಸರಸರ ಓಡಿಸಿ ತಾನ್ ಹಾಡುತ್ತಿದ್ದಾಗ ನನ್ನ ಹೊಟ್ಟೆಯೊಳಗೂ ಏನೋ ತಾನ್ ಹಾಡುತ್ತಿತ್ತು. ಮಾಸ್ತರರು ನನ್ನ ಮುಖ ನೋಡಿ, "ದವಾಖಾನಿಗೆ ನಡೀರಿ" ಎಂದರು.

ಸರ್ಕಾರಿ ದವಾಖಾನೆಯ ಅಂಗಳದಲ್ಲಿ ಬೇವಿನ ಮರ. ಅದರ ನೆರಳು ತಿರುಗಿದಂತೆ ರೋಗಿಗಳ ಸಾಲೂ ತಿರುಗುತ್ತಿತ್ತು. ನಮ್ಮ ಊರಿನ ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇಲ್ಲಿ ಐದು ನಿಮಿಷದಲ್ಲಿ ನನ್ನ ಹೊಟ್ಟೆಯ ಸಮಾಚಾರ ಅಂಗಳಕ್ಕೆಲ್ಲ ಗೊತ್ತಾಗಿ, ಅಜವಾನದಿಂದ ಹಿಡಿದು ನಿಂಬೆಹಣ್ಣಿನವರೆಗೆ ಏಳೆಂಟು ಔಷಧಿಗಳೂ ಬಂದವು. ಮಾಸ್ತರರು ಕಟ್ಟೆಯ ಮೇಲೆ ಕುಳಿತು ಮೆಲ್ಲಗೆ ನುಡಿಸುತ್ತಿದ್ದರು. ಕೆನ್ನೆಗೆ ಟವಲು ಕಟ್ಟಿಕೊಂಡು ಹಲ್ಲುನೋವಿನಿಂದ ನರಳುತ್ತಿದ್ದ ಮುದುಕರೊಬ್ಬರು ಹತ್ತಿರ ಸರಿದು ಪೇಟಿಯ ಮೇಲೆ ಅಂಗೈ ಇಟ್ಟರು. ಅದು ಕಂಪಿಸುವುದು ಅವರಿಗೆ ಹಿತವೆನಿಸಿರಬೇಕು. ಮಾಸ್ತರರು ಕೈ ತೆಗೆಯಿರಿ ಎನ್ನಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಬಾಯಾರ, ನಿಮ್ದೂ ಒಂದು ಆಗ್ಲಿ. ನಿಮ್ಮ ಕಡೀದು ಇವರು ಕೇಳೇ ಇಲ್ಲ."

ಅಂಗಳದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನನಗೆ ಹೊಟ್ಟೆನೋವಿನ ನೆಪವಿತ್ತು. ಅದನ್ನೇ ಹೇಳಿದ್ದರೂ ಆಗುತ್ತಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ತಂಬೂರಿ ಇಲ್ಲದೆ ನಾನು ಹಾಡಲ್ಲ. ಮತ್ತೆ, ಇಂಥ ಜಾಗದಲ್ಲಿ..." ಎಂದುಬಿಟ್ಟೆ.

ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಜ್ಜಿಯೊಬ್ಬಳು ಸ್ವಲ್ಪವೂ ಸಿಟ್ಟಿಲ್ಲದೆ, ನನ್ನ ಪರವಾಗಿಯೇ ಎಂಬಂತೆ, "ಬಿಡ್ರಿ ಮಾಸ್ತರ, ಒತ್ತಾಯ ಮಾಡಬ್ಯಾಡ್ರಿ. ನಮ್ಮಂಥಾ ಮಂದಿ ಮುಂದ ಅವರಿಗೆ ಒಗ್ಗೂದಿಲ್ಲ" ಎಂದಳು.

ಅವಳು ಬೈದಿದ್ದರೆ ನನಗೊಂದು ಉತ್ತರವಿರುತ್ತಿತ್ತು. ಡಾಕ್ಟರು ಕೊಟ್ಟ ಮಾತ್ರೆಯಿಂದ ಹೊಟ್ಟೆ ಸಂಜೆಗೇ ಸರಿಹೋಯಿತು. ಅಜ್ಜಿಯ ಮಾತು ಮಾತ್ರ ಒಳಗೇ ಉಳಿಯಿತು. ಅದನ್ನು ಹೊತ್ತುಕೊಂಡೇ ಇಳಕಲ್ಲಿನ ಬಸ್ಸು ಹತ್ತಿದೆ.

ಇಳಕಲ್ಲು

ಇಳಕಲ್ಲಿನ ಬೀದಿಗಳಲ್ಲಿ ನಡೆದರೆ ಮನೆಮನೆಯಿಂದಲೂ ಮಗ್ಗದ ಸದ್ದು. ಕಿಟಕಿಯೊಳಗೆ ನೋಡಿದರೆ ಸೊಂಟದವರೆಗೆ ನೆಲದೊಳಗೆ ಇಳಿದು ಕುಳಿತವರು ಕಾಣುತ್ತಿದ್ದರು. ಕುಣಿ ಮಗ್ಗವೆಂದರೆ ಹಾಗೆ. ನೆಲದ ಅಂಚಿನಲ್ಲಿ ಕೂತು ಗುಂಡಿಯೊಳಗೆ ಕಾಲು ಬಿಟ್ಟು ತುಳಿಯಬೇಕು.

ಪರೀಕ್ಷೆ ಮರುದಿನ ಮಧ್ಯಾಹ್ನ, ಶಾಲೆಯ ಒಂದು ಕೋಣೆಯಲ್ಲಿ. ಇದ್ದವಳು ನೀಲವ್ವ ಒಬ್ಬಳೇ. ಹೆಡ್ ಮಾಸ್ತರರು ಬಾಗಿಲ ಬಳಿ ಕುರ್ಚಿ ಹಾಕಿ ಕುಳಿತರು. ಅವಳು ತನ್ನ ಕೈಯಿಂದಲೇ ನೇಯ್ದ ಕೆಂಪಂಚಿನ ಸೀರೆ ಉಟ್ಟು ಬಂದಿದ್ದಳು. ನಮಸ್ಕಾರ ಮಾಡಿ ಚಾಪೆಯ ಮೇಲೆ ಕುಳಿತಳು. ಮಾಸ್ತರರು ಪೇಟಿಯ ಮೇಲೆ ಸಾ, ಅಂದರೆ ಷಡ್ಜ, ಹಿಡಿದರು.

"ಭೀಮಪಲಾಸ ಹಾಡಮ್ಮಾ. ಗಾಬರಿ ಬೇಡ. ಕೈ ಹೇಗೆ ಬೇಕಾದರೂ ಆಡಿಸು" ಎಂದೆ.

ಅವಳು ಬಾಯಿ ತೆರೆದಳು. ಸದ್ದು ಬರಲಿಲ್ಲ. ಕೈ ಆಡಿಸಲು ನೋಡಿದಳು. ಏನೂ ಹಿಡಿದಿರದ ಆ ಕೈಗಳು ಗಾಳಿಯಲ್ಲಿ ಎರಡು ಸಲ ಅತ್ತಿತ್ತ ಹೋಗಿ ಮಡಿಲಿಗೆ ಬಿದ್ದವು. ಮಾಸ್ತರರು ಷಡ್ಜ ಬಿಡಲಿಲ್ಲ. ನಾನು ಕಾದೆ. ಕಡೆಗೆ, "ಆಗೂದಿಲ್ರಿ ಅಕ್ಕಾರ. ತಪ್ಪಾತ್ರಿ" ಎಂದು ಎದ್ದು, ನನಗೂ ಹೆಡ್ ಮಾಸ್ತರರಿಗೂ ಕೈಮುಗಿದು ಹೊರಗೆ ಹೋದಳು.

ಅಂಕಪಟ್ಟಿ ನನ್ನ ಮುಂದಿತ್ತು. ಅವಳ ಹೆಸರಿನ ಮುಂದೆ ಸೊನ್ನೆ ಬರೆಯುವುದು ನನ್ನ ಕೆಲಸ. ಮಾಸ್ತರರು ಪೇಟಿ ಮುಚ್ಚಿದರು. ಹಸಿರು ಬಟ್ಟೆಯ ಗಂಟು ಹಾಕುತ್ತಿದ್ದ ಅವರ ಬೆರಳುಗಳನ್ನು ನೋಡುತ್ತಾ ಕುಳಿತೆ.

"ಪರೀಕ್ಷೆಯ ವೇಳೆ ಎಷ್ಟು ಗಂಟೆಯವರೆಗಿದೆ?" ಎಂದು ಹೆಡ್ ಮಾಸ್ತರರನ್ನು ಕೇಳಿದೆ.

"ಐದರ ತನಕ ಐತ್ರಿ."

"ಇವರ ಮನೆ ಎಷ್ಟು ದೂರ?"

ಅವರಿಗೆ ತಕ್ಷಣ ಅರ್ಥವಾಯಿತು. ಕನ್ನಡಕ ತೆಗೆದು ಒರೆಸಿದರು. "ಬಾಯಾರ, ಪರೀಕ್ಷಾ ಸಾಲ್ಯಾಗ ಆಗಬೇಕು ಅಂತ ಬರದೈತಿ."

"ಗೊತ್ತು. ನಾನು ಎಲ್ಲಿ ಕೇಳಿದೆ ಅಂತ ನಿಜವನ್ನೇ ಬರೀತೀನಿ. ನೀವು ನೋಡಲಿಲ್ಲ ಅಂದುಬಿಡಿ."

ಆ ಮನುಷ್ಯ ಕುರ್ಚಿಯಿಂದ ಎದ್ದರು. "ನೋಡಿಲ್ಲ ಅಂತ ಹೆಂಗ ಅನ್ಲಿ? ನಾನೂ ಬರ್ತೇನಿ. ನೋಡೇನಿ ಅಂತ ಸಹಿ ಮಾಡ್ತೇನಿ. ನಡೀರಿ."

ನೀಲವ್ವ ಆಗಲೇ ಮಗ್ಗಕ್ಕೆ ಇಳಿದಿದ್ದಳು. ಪರೀಕ್ಷೆಯ ಸೀರೆ ಬದಲಿಸಿರಲಿಲ್ಲ. ಮೂಲೆಯಲ್ಲಿ ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದ ಅವಳ ಅತ್ತೆ ನಮ್ಮನ್ನು ನೋಡಿ, "ಬರ್ರಿ, ಕೂಡ್ರಿ" ಎಂದು ಗೋಣಿತಟ್ಟು ಹಾಸಿದಳು. ನೀಲವ್ವ ಏಳಲು ಹೋದಳು. ನಾನು ಬೇಡ ಎಂದೆ. "ನೀನು ನೇಯಮ್ಮಾ. ನಾನು ಮಗ್ಗ ನೋಡೋಕೆ ಬಂದೆ" ಎಂದೆ. ಅದು ಸುಳ್ಳೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವಳು ನೇಯತೊಡಗಿದಳು. ಬಲಗೈ ಹಗ್ಗ ಎಳೆದರೆ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತಿತ್ತು. ಮಾಸ್ತರರು ಬಾಗಿಲ ಹೊಸ್ತಿಲಲ್ಲೇ ಕುಳಿತು, ಬೀದಿಗೆ ಮುಖ ಮಾಡಿ, ಯಾರಿಗೋ ಎಂಬಂತೆ ನುಡಿಸತೊಡಗಿದರು. ಎಷ್ಟೋ ಹೊತ್ತು ಬರಿ ಪೇಟಿ, ಬರಿ ಮಗ್ಗ. ಆಮೇಲೆ ಅವಳ ಬಾಯಿಂದ ಮೆಲ್ಲಗೆ ಒಂದು ನಿಷಾದ ಸ್ವರ ಬಂತು. ಅವಳು ಹಾಡಲು ಶುರುಮಾಡಿದ್ದು ಅವಳಿಗೇ ಗೊತ್ತಿತ್ತೋ ಇಲ್ಲವೋ.

ಆ ದನಿ ಸಣ್ಣದಲ್ಲ, ಮಧುರವೆಂದೂ ಹೇಳಲಾರೆ. ಒಗೆದು ಒಣಗಿಸಿದ ನೂಲಿನ ಬಟ್ಟೆಯಂತೆ ಗಟ್ಟಿ, ಸ್ವಚ್ಛ. ರಾಗ ಒಂದೊಂದೇ ಸ್ವರವಾಗಿ ಬೆಳೆಯಿತು. ನಾನು ಅಂಕಪಟ್ಟಿ ಮಡಿಲಲ್ಲಿಟ್ಟು ಕೂತಿದ್ದೆ. ಒಂದು ವಚನಕ್ಕೆ ಬಂದು ಅದರ ನಡುವಿನ ಸಾಲಿನಲ್ಲಿದ್ದಾಗ, ಉದ್ದಕ್ಕೆ ಕಟ್ಟಿದ ಹಾಸಿನ ಎಳೆಯೊಂದು ಪಟ್ಟನೆ ಹರಿಯಿತು. ಮಗ್ಗ ನಿಂತಿತು. ಈಗ ಹಾಡೂ ನಿಲ್ಲುತ್ತದೆ ಎಂದುಕೊಂಡೆ. ನೀಲವ್ವ ಮುಂದೆ ಬಾಗಿ, ಸಾವಿರ ಎಳೆಗಳ ನಡುವೆ ಹರಿದ ಎರಡು ತುದಿಗಳನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದಳು. ಕಣ್ಣಿಗೆ ಅವು ಕಾಣುತ್ತಿರಲಿಲ್ಲ. ಆದರೆ ಹಾಡುತ್ತಿದ್ದ ಪಂಚಮ ಸ್ವರವನ್ನು ಬಿಡಲಿಲ್ಲ. ಅದರ ಮೇಲೇ ನಿಂತಳು. ಉಸಿರು ಸಾಲದಾದಾಗ ಕಳ್ಳತನದಲ್ಲಿ ಒಂದಿಷ್ಟು ಎಳೆದುಕೊಂಡು ಮತ್ತೆ ಅಲ್ಲೇ ನಿಂತಳು. ಎಳೆ ಸಿಕ್ಕಿತು, ಗಂಟು ಬಿತ್ತು. ಅವಳ ಕಾಲು ತುಳಿದದ್ದೂ, ಲಾಳಿ ಹಾರಿದ್ದೂ, ಸಾಲಿನ ಮುಂದಿನ ಮಾತು ಬಿದ್ದದ್ದೂ ಒಂದೇ ಏಟಿಗೆ.

ಇಪ್ಪತ್ತು ವರ್ಷ ಸಂಗೀತ ಕಲಿತವಳು ನಾನು. ಶ್ರುತಿಯಲ್ಲಿ ನಿಲ್ಲುವುದು ಎಂಬ ಮಾತನ್ನು ಸಾವಿರ ಸಲ ಹೇಳಿಕೊಟ್ಟಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಅಲ್ಲಿ.

ಹಾಡು ಮುಗಿದಾಗ ಬಾಗಿಲ ಹೊರಗೆ ಏಳೆಂಟು ನೆರೆಯವರು ನಿಂತಿದ್ದರು. ನಾನು ಪಟ್ಟಿ ತುಂಬಿದೆ. ಹೆಡ್ ಮಾಸ್ತರರು ಗೋಡೆಗೆ ಒತ್ತಿಟ್ಟು ಸಹಿ ಮಾಡಿದರು. ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು, ನಾಚಿಕೆಯಿಂದ ಕೇಳಿದಳು: "ಅಕ್ಕಾರ, ನೀವೂ ಒಂದು ಹಾಡ್ರಿ. ನಮ್ಮ ಮನ್ಯಾಗ ಹಾಡಿದವರು ಮಾಸ್ತರು, ನಾನು, ಇಬ್ರ."

ತಂಬೂರಿ ಇರಲಿಲ್ಲ. ರಾಟೆ ಇತ್ತು, ಮಗ್ಗ ಇತ್ತು, ಬಾಗಿಲಲ್ಲಿ ಮಂದಿ ಇದ್ದರು. ಮಾಸ್ತರರು ಈ ಸಲ ನನ್ನನ್ನು ಒತ್ತಾಯಿಸಲಿಲ್ಲ. ಪೇಟಿಯ ಮೇಲೆ ಬರಿ ಷಡ್ಜ ಒತ್ತಿ ಹಿಡಿದು ಬೀದಿ ನೋಡುತ್ತಾ ಕೂತರು. ಅವಳ ಭೀಮಪಲಾಸಕ್ಕೆ ನಮ್ಮಲ್ಲಿ ತೀರ ಹತ್ತಿರದ ರಾಗವಾದ ಆಭೇರಿಯಲ್ಲಿ ಒಂದು ಕೀರ್ತನೆ ಎತ್ತಿದೆ. ಮೊದಲ ಸಾಲಿನಲ್ಲೇ ದನಿ ಒಡೆಯಿತು. ನಿಲ್ಲಿಸಿ, ಮತ್ತೆ ಎತ್ತಿದೆ. ಎರಡನೆಯ ಸಲ ಹೋಯಿತು. ಗಮಕ ಹಿಡಿಯಲಾರದ ಪೆಟ್ಟಿಗೆ ನನ್ನನ್ನು ಹಿಡಿದುಕೊಂಡಿತ್ತು.

ಮುಗಿಸಿದಾಗ ಅತ್ತೆ ರಾಟೆ ನಿಲ್ಲಿಸಿ ಹೇಳಿದಳು: "ಚಲೋ ಹಾಡಿದ್ರಿ ತಂಗಿ. ಮೊದಲ ತುಸು ಅಂಜಿದ್ರಿ. ಇರ್ಲಿ, ಪಾಸ್!"

ಎಲ್ಲರಿಗಿಂತ ಜೋರಾಗಿ ನಕ್ಕವಳು ನೀಲವ್ವ.

ಮತ್ತೆ ಮೈಸೂರು

ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ. ಎರಡು ತಿಂಗಳಿಗೆ ನೋಟೀಸು ಬಂತು. ನಿಗದಿತ ಕೊಠಡಿಯ ಹೊರಗೆ ಪರೀಕ್ಷೆ ನಡೆಸಲು ಕಾರಣವೇನು ಎಂದು ಕೇಳಿದ್ದರು. ಅಭ್ಯರ್ಥಿಯ ಸಂಗೀತ ಅಲ್ಲಿತ್ತು, ಆದ್ದರಿಂದ ಹೋದೆ ಎಂದು ಉತ್ತರಿಸಿದೆ. ಪರೀಕ್ಷಕರ ಪಟ್ಟಿಯಿಂದ ನನ್ನ ಹೆಸರು ಹೋಯಿತು. ಮತ್ತೆಂದೂ ಬರಲಿಲ್ಲ. ನೀಲವ್ವನ ಫಲಿತಾಂಶ ತಡೆಹಿಡಿದರು. ಹೆಡ್ ಮಾಸ್ತರರ ಸಹಿಯೊಂದೇ ಅವಳ ಬೆನ್ನಿಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಮಾಸ್ತರರ ಕಾರ್ಡು ಬಂತು. ಒಂದೇ ಸಾಲು: "ನೀಲವ್ವ ಸಾಲಿಗೆ ಹೊಂಟಾಳ." ಹೆಡ್ ಮಾಸ್ತರರ ಸಹಿ ನಿಂತಿತ್ತು, ಶಾಲೆಯ ಕೆಲಸ ಅವಳಿಗೇ ಸಿಕ್ಕಿತ್ತು.

ಮುಂದೆ ಏಳೆಂಟು ವರ್ಷಗಳು. ಯುಗಾದಿಗೊಂದು ಕಾರ್ಡು ಹೋಗುತ್ತಿತ್ತು, ಒಂದು ಬರುತ್ತಿತ್ತು. ಒಂದು ವರ್ಷ ಬರಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ದಿನ, ಮಧ್ಯಾಹ್ನ ಮೂರರ ಸುಮಾರಿಗೆ, ನಮ್ಮ ಬೀದಿಯ ತುದಿಯಲ್ಲಿ ಬಸ್ಸೊಂದು ನಿಂತಿತು. ಮೂವತ್ತು ಹುಡುಗಿಯರು ಇಳಿದು ಮನೆ ನಂಬರು ಓದುತ್ತಾ ಬಂದರು. ಮುಂದೆ ದಪ್ಪ ಕನ್ನಡಕದ ನೀಲವ್ವ. ಶಾಲೆಯ ಪ್ರವಾಸ. ಅರಮನೆ ನೋಡಿ ಬಂದಿದ್ದರು.

ನಮ್ಮ ಮನೆಯ ನಡುಮನೆಯಲ್ಲಿ ಹತ್ತು ಮಂದಿ ಕೂತರೆ ಹೆಚ್ಚು. ಅಮ್ಮ ಒಳಗೆ ಪಾನಕಕ್ಕೆ ಪಾತ್ರೆ ಹುಡುಕುತ್ತಿದ್ದಳು. ನಾನು ಮಾಸ್ತರರ ಬಗ್ಗೆ ಕೇಳಿದೆ.

"ಹೋದ ವರ್ಷ ಹೋದ್ರು ಅಕ್ಕಾರ. ಭಾಳ ತ್ರಾಸ ಪಡಲಿಲ್ಲ. ಮುಂಜಾನೆ ಬಸ್‌ಸ್ಟ್ಯಾಂಡಿನ್ಯಾಗ ಪೇಟಿ ಬಾರಿಸಿ ಬಂದು, ಚಾ ಕುಡದು, ತುಸು ಅಡ್ಡಾಗ್ತೇನಿ ಅಂದ್ರಂತ." ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಆಮೇಲೆ ಬೀದಿಯನ್ನು ಅತ್ತಿಂದಿತ್ತ ನೋಡಿ, "ಒಳಗ ಜಾಗಾ ಸಾಲೂದಿಲ್ಲ. ಇಲ್ಲೇ ಹಾಡೂಣೇನ್ರಿ?" ಎಂದಳು.

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಹುಡುಗಿಯರು ಹಾಡತೊಡಗಿದರು. ತರಕಾರಿ ಗಾಡಿಯವನು ನಿಂತ. ಸೈಕಲ್ಲುಗಳು ನಿಂತವು. ಎದುರು ಮನೆಯ ಮೃದಂಗದ ವಿದ್ವಾಂಸರು, ಸಭೆಯಲ್ಲಿ ಕೆಮ್ಮಿದವರನ್ನೂ ದುರುಗುಟ್ಟಿ ನೋಡುವವರು, ಬನಿಯನ್ನಿನಲ್ಲೇ ಹೊರಬಂದು ಜಗಲಿಯ ಮೇಲೆ ಕುಳಿತರು. ಅಕ್ಕಿ ಕಟ್ಟಿ ಕಳಿಸಿದ್ದ ನಮ್ಮಮ್ಮ ಬಾಗಿಲಲ್ಲಿ ಪಾನಕದ ಪಾತ್ರೆ ಹಿಡಿದು ನಿಂತೇ ಇದ್ದಳು.

ಎರಡನೆಯ ಹಾಡು ಆಭೇರಿಯಲ್ಲಿ, ನಾನು ಅವಳ ಮನೆಯಲ್ಲಿ ಹಾಡಿದ್ದ ಅದೇ ಕೀರ್ತನೆ. ಒಂದೇ ಸಲ ಕೇಳಿದ್ದನ್ನು ನೀಲವ್ವ ನೆನಪಿಟ್ಟುಕೊಂಡು, ಮರೆತಲ್ಲಿ ತನ್ನದೇ ಸ್ವರ ತುಂಬಿ, ಮಕ್ಕಳಿಗೆ ಕಲಿಸಿದ್ದಳು. ತಿದ್ದಬೇಕೆನಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹುಡುಗಿಯರ ಸಾಲಿನ ಕೊನೆಯಲ್ಲಿ ನಿಂತು ದನಿ ಸೇರಿಸಿದೆ. ನಾನು ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ. ಅಲ್ಲಿ ನಿಂತು ಹಾಡಿದ್ದು ಅಂದೇ ಮೊದಲು.